ಅಯ್ಯಂಕಾಳಿ

ಅಯ್ಯಂಕಾಳಿ (28 ಆಗಸ್ಟ್ 1863 – 18 ಜೂನ್ 1941) ಹಿಂದಿನ ತಿರುವಾಂಕೂರು ಸಂಸ್ಥಾನದ ಸಮಾಜ ಸುಧಾರಕರು, ಪುಲಯ ಮೊದಲಾದ ದಲಿತ ಸಮುದಾಯಗಳ ನಾಯಕರು ಮತ್ತು ಶ್ರೀಮೂಲಂ ಪ್ರಜಾಸಭೆಯ ಸದಸ್ಯರು. ಸಾರ್ವಜನಿಕ ರಸ್ತೆಗಳಲ್ಲಿ ಸಂಚರಿಸುವ ಹಕ್ಕಿಗಾಗಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ದಲಿತ ಮಕ್ಕಳ ಪ್ರವೇಶಕ್ಕಾಗಿ ಅವರು ನಡೆಸಿದ ಹೋರಾಟಗಳು ಆಧುನಿಕ ಕೇರಳದ ಸಾಮಾಜಿಕ ಇತಿಹಾಸದಲ್ಲಿ ಮುಖ್ಯ ಘಟ್ಟಗಳೆಂದು ಪರಿಗಣಿತವಾಗಿವೆ. ಸ್ವತಃ ಅನಕ್ಷರಸ್ಥರಾಗಿದ್ದ ಅವರು 1907ರಲ್ಲಿ ಸಾಧುಜನ ಪರಿಪಾಲನ ಸಂಘವನ್ನು ಸ್ಥಾಪಿಸಿದರು. ಶಾಲಾ ಪ್ರವೇಶದ ಹಕ್ಕಿಗಾಗಿ ಅವರ ನೇತೃತ್ವದಲ್ಲಿ ಕೃಷಿ ಕಾರ್ಮಿಕರು ನಡೆಸಿದ ಮುಷ್ಕರವು ಭಾರತದಲ್ಲಿ ಈ ಬಗೆಯ ಆರಂಭಿಕ ಮುಷ್ಕರಗಳಲ್ಲಿ ಒಂದಾಗಿದೆ.

ಹಿನ್ನೆಲೆ

ತಿರುವಾಂಕೂರು ಸಂಸ್ಥಾನವು ಶಿಕ್ಷಣದ ವಿಷಯದಲ್ಲಿ ಇತರ ಅನೇಕ ಸಂಸ್ಥಾನಗಳಿಗಿಂತ ಮುಂದಿತ್ತು. 1817ರಲ್ಲಿ ರಾಣಿ ಗೌರಿ ಪಾರ್ವತಿ ಬಾಯಿಯವರು ಹೊರಡಿಸಿದ ರಾಜಾಜ್ಞೆಯು ಪ್ರಜೆಗಳ ಶಿಕ್ಷಣದ ವೆಚ್ಚವನ್ನು ರಾಜ್ಯವೇ ಭರಿಸಬೇಕೆಂಬ ತತ್ತ್ವವನ್ನು ಒಪ್ಪಿಕೊಂಡಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರಿ ಶಾಲೆಗಳ ಸಂಖ್ಯೆ ಹೆಚ್ಚಿತು. ಆದರೆ ಈ ಶಾಲೆಗಳು ಪುಲಯ, ಪರಯ ಮೊದಲಾದ ಸಮುದಾಯಗಳ ಮಕ್ಕಳಿಗೆ ಮುಚ್ಚಿದ್ದವು. ಈ ಸಮುದಾಯಗಳ ಬಹುಪಾಲು ಜನರು ಮೇಲ್ಜಾತಿಯ ಭೂಮಾಲೀಕರ ಗದ್ದೆಗಳಲ್ಲಿ ದುಡಿಯುವ ಕೃಷಿ ಕಾರ್ಮಿಕರಾಗಿದ್ದರು. 1855ರವರೆಗೂ ಅವರನ್ನು ಭೂಮಿಯೊಂದಿಗೆ ಮಾರುವ, ಒತ್ತೆ ಇಡುವ ಪದ್ಧತಿ ಜಾರಿಯಲ್ಲಿತ್ತು. ಆ ವರ್ಷ ಸಂಸ್ಥಾನವು ಗುಲಾಮಗಿರಿಯನ್ನು ರದ್ದುಪಡಿಸಿದರೂ ನಿತ್ಯಜೀವನದ ನಿರ್ಬಂಧಗಳು ಹಾಗೆಯೇ ಉಳಿದವು. ಸಾರ್ವಜನಿಕ ರಸ್ತೆ, ಸಂತೆ, ಬಾವಿ, ನ್ಯಾಯಾಲಯ ಮತ್ತು ಶಾಲೆಗಳ ಹತ್ತಿರ ಸುಳಿಯುವುದಕ್ಕೂ ಅವರಿಗೆ ಅಡ್ಡಿಯಿತ್ತು. ಮಹಿಳೆಯರು ಎದೆಯನ್ನು ವಸ್ತ್ರದಿಂದ ಮುಚ್ಚಿಕೊಳ್ಳುವಂತಿರಲಿಲ್ಲ. ಕೀಳುಜಾತಿಯ ಗುರುತಾಗಿ ಕಲ್ಲಿನ ಮಣಿಗಳ ಹಾರವನ್ನು ಧರಿಸಬೇಕಾಗಿತ್ತು.

ಹುಟ್ಟು ಮತ್ತು ಆರಂಭಿಕ ಜೀವನ

ಅಯ್ಯಂಕಾಳಿ ಅವರು ತಿರುವನಂತಪುರದ ದಕ್ಷಿಣಕ್ಕಿರುವ ವೆಂಗಾನೂರು ಗ್ರಾಮದಲ್ಲಿ ಪುಲಯ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅಯ್ಯನ್, ತಾಯಿ ಮಾಲ. ಅವರ ಹೆಸರು ಕಾಳಿ. ತಂದೆಯ ಹೆಸರು ಅದರೊಂದಿಗೆ ಸೇರಿ ಅಯ್ಯಂಕಾಳಿ ಎಂದಾಯಿತು. ತಂದೆಯ ದುಡಿಮೆಯನ್ನು ಮೆಚ್ಚಿದ ಭೂಮಾಲೀಕರೊಬ್ಬರು ಅವರಿಗೆ ಐದು ಎಕರೆ ಭೂಮಿಯನ್ನು ನೀಡಿದ್ದರಿಂದ ಕುಟುಂಬವು ಸಮುದಾಯದ ಇತರರಿಗಿಂತ ಸ್ವಲ್ಪ ಅನುಕೂಲಸ್ಥಿತಿಯಲ್ಲಿತ್ತು. ಆದರೆ ಭೂಮಿಯಿದ್ದರೂ ಮಕ್ಕಳಿಗೆ ಶಾಲೆಯ ದಾರಿ ತೆರೆದಿರಲಿಲ್ಲ. ಅಯ್ಯಂಕಾಳಿ ಬಾಲ್ಯದಿಂದಲೇ ಹೊಲಗದ್ದೆಗಳ ಕೆಲಸದಲ್ಲಿ ತೊಡಗಿದರು ಮತ್ತು ಅಕ್ಷರಾಭ್ಯಾಸದಿಂದ ವಂಚಿತರಾಗಿಯೇ ಬೆಳೆದರು.

ದೃಢಕಾಯರಾಗಿದ್ದ ಅವರು ಯೌವನದಲ್ಲಿ ತಮ್ಮ ಸುತ್ತ ಸಮಾನಮನಸ್ಕ ತರುಣರ ಗುಂಪೊಂದನ್ನು ಕಟ್ಟಿಕೊಂಡರು. ಈ ಗುಂಪು ಜಾನಪದ ಹಾಡು ಮತ್ತು ಆಟಗಳ ಮೂಲಕ ಸಮುದಾಯದ ಜನರನ್ನು ಒಂದೆಡೆ ಸೇರಿಸುತ್ತಿತ್ತು. ದೈಹಿಕ ಹಲ್ಲೆಗಳನ್ನು ಎದುರಿಸುವ ತರಬೇತಿಯನ್ನೂ ಪಡೆದಿತ್ತು. 1888ರಲ್ಲಿ ಅವರು ಚೆಲ್ಲಮ್ಮ ಅವರನ್ನು ವಿವಾಹವಾದರು.

ಸಂಚಾರದ ಹಕ್ಕಿನ ಹೋರಾಟ

1893ರಲ್ಲಿ ಅಯ್ಯಂಕಾಳಿ ಅವರು ಒಂದು ವಿಲ್ಲುವಂಡಿಯನ್ನು, ಅಂದರೆ ಎತ್ತುಗಳನ್ನು ಹೂಡುವ ಕಮಾನು ಗಾಡಿಯನ್ನು ಖರೀದಿಸಿ, ಪುಲಯರಿಗೆ ನಿಷಿದ್ಧವಾಗಿದ್ದ ರಸ್ತೆಗಳಲ್ಲಿ ಸವಾರಿ ಮಾಡಿದರು. ಇಂಥ ಗಾಡಿಯಲ್ಲಿ ಕುಳಿತು ಸಂಚರಿಸುವುದು ಮೇಲ್ಜಾತಿಗಳ ಅಂತಸ್ತಿನ ಗುರುತಾಗಿತ್ತು. ಬಿಳಿಯ ಪಂಚೆ, ಅಂಗವಸ್ತ್ರ ಮತ್ತು ಮುಂಡಾಸು ಧರಿಸಿ ಅವರು ಹೊರಟದ್ದು ಉಡುಪಿನ ನಿರ್ಬಂಧವನ್ನೂ ಏಕಕಾಲಕ್ಕೆ ಮುರಿದಂತಾಯಿತು. ದಾರಿಯಲ್ಲಿ ಅವರನ್ನು ತಡೆಯುವ ಪ್ರಯತ್ನಗಳು ನಡೆದವು. ಮುಂದೆ ಬಾಲರಾಮಪುರಂನ ಚಾಲಿಯರ ಬೀದಿಯಲ್ಲಿ ಅವರ ಸಂಗಡಿಗರ ಮೇಲೆ ಹಲ್ಲೆ ನಡೆದು ಗಲಭೆಯುಂಟಾಯಿತು ಮತ್ತು ಅದು ಸುತ್ತಲಿನ ಹಳ್ಳಿಗಳಿಗೂ ಹರಡಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ದೇವಾಲಯಗಳ ಸುತ್ತಲಿನ ದಾರಿಗಳನ್ನು ಬಿಟ್ಟು ಇತರ ಹೆಚ್ಚಿನ ರಸ್ತೆಗಳನ್ನು ಬಳಸಲು ಪುಲಯರಿಗೆ ಸಾಧ್ಯವಾಯಿತು.

ರಸ್ತೆಯ ಹೋರಾಟದ ಅನುಭವವು ಅವರ ಮುಂದಿನ ಕಾರ್ಯವಿಧಾನವನ್ನು ರೂಪಿಸಿತು. ಹಕ್ಕನ್ನು ಮನವಿಯ ಮೂಲಕ ಕೇಳುವುದರ ಜೊತೆಗೆ ಅದನ್ನು ಬಹಿರಂಗವಾಗಿ ಚಲಾಯಿಸಿ ತೋರಿಸುವ ಕ್ರಮವನ್ನು ಅವರು ಶಾಲೆಯ ವಿಷಯದಲ್ಲಿಯೂ ಅನುಸರಿಸಿದರು.

ಸಾಧುಜನ ಪರಿಪಾಲನ ಸಂಘ

ನಾರಾಯಣ ಗುರುಗಳ ಪ್ರೇರಣೆಯಿಂದ 1903ರಲ್ಲಿ ಸ್ಥಾಪನೆಯಾದ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವು ಈಳವ ಸಮುದಾಯವನ್ನು ಸಂಘಟಿಸಿದ ರೀತಿಯು ಅಯ್ಯಂಕಾಳಿ ಅವರ ಮೇಲೆ ಪ್ರಭಾವ ಬೀರಿತು. 1907ರಲ್ಲಿ ಅವರು ಸಾಧುಜನ ಪರಿಪಾಲನ ಸಂಘವನ್ನು ಆರಂಭಿಸಿದರು. ಸಂಘಕ್ಕೆ ಯಾವುದೇ ಜಾತಿಯ ಹೆಸರನ್ನಿಡದೆ ಸಾಧುಜನ ಎಂಬ ಪದವನ್ನು ಬಳಸಿದ್ದರಿಂದ ಪುಲಯರೊಂದಿಗೆ ಇತರ ಶೋಷಿತ ಸಮುದಾಯಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಹಳ್ಳಿಗಳಲ್ಲಿ ಶಾಖೆಗಳು ಆರಂಭವಾದವು. ಸದಸ್ಯರು ತಮ್ಮ ಅಲ್ಪ ಕೂಲಿಯಿಂದಲೇ ವಂತಿಗೆ ನೀಡುತ್ತಿದ್ದರು.

ಶಾಲಾ ಪ್ರವೇಶವು ಸಂಘದ ಮುಖ್ಯ ಬೇಡಿಕೆಯಾಗಿತ್ತು. ಇದಕ್ಕೂ ಮೊದಲೇ, 1904ರಲ್ಲಿ, ಅಯ್ಯಂಕಾಳಿ ಅವರು ವೆಂಗಾನೂರಿನಲ್ಲಿ ಸಮುದಾಯದ ಮಕ್ಕಳಿಗಾಗಿ ಗುಡಿಸಲೊಂದರಲ್ಲಿ ಶಾಲೆಯನ್ನು ತೆರೆಯುವ ಪ್ರಯತ್ನ ಮಾಡಿದ್ದರು. ವಿರೋಧಿಗಳು ಆ ಗುಡಿಸಲನ್ನು ನಾಶಪಡಿಸಿದರೆಂದೂ ಸಂಗಡಿಗರು ಅದನ್ನು ಮತ್ತೆ ಕಟ್ಟಿದರೆಂದೂ ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ಸಮುದಾಯದಲ್ಲಿ ಓದುಬರಹ ಬಲ್ಲವರು ಇರಲಿಲ್ಲ. ಹೊರಗಿನ ಶಿಕ್ಷಕರು ಬರಲು ಸಿದ್ಧರಿರಲಿಲ್ಲ. ಸ್ವಂತ ಶಾಲೆಗಳಿಂದ ಮಾತ್ರ ಈ ಸಮಸ್ಯೆ ಬಗೆಹರಿಯದೆಂಬುದು ಇದರಿಂದ ಸ್ಪಷ್ಟವಾಯಿತು. ಎಲ್ಲರ ತೆರಿಗೆಯಿಂದ ನಡೆಯುವ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಬೇಕೆಂಬುದು ಸಂಘದ ನಿಲುವಾಯಿತು.

ಶಾಲಾ ಪ್ರವೇಶದ ಆದೇಶ

ಸಂಘದ ಮನವಿಗಳು ಮತ್ತು ಆಡಳಿತದೊಳಗಿನ ಸುಧಾರಣಾ ಒಲವಿನ ಫಲವಾಗಿ 1907ರಲ್ಲಿ ಪುಲಯ ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಬೇಕೆಂಬ ತೀರ್ಮಾನವಾಯಿತು. ಆದರೆ ಸ್ಥಳೀಯ ಅಧಿಕಾರಿಗಳು ಮತ್ತು ಶಾಲೆಗಳ ವ್ಯವಸ್ಥಾಪಕರು ಆದೇಶವನ್ನು ಬಹುತೇಕ ಕಡೆಗಣಿಸಿದರು. ಮಕ್ಕಳನ್ನು ಕರೆದೊಯ್ದ ಪಾಲಕರನ್ನು ಶಾಲೆಯ ಅಂಗಳದಿಂದಲೇ ಹಿಂದಕ್ಕೆ ಕಳುಹಿಸಲಾಗುತ್ತಿತ್ತು. ಆದೇಶದ ಪ್ರತಿಯನ್ನು ಓದಲು ಬಾರದ ಜನರಿಗೆ ಅದರ ಅಸ್ತಿತ್ವವೇ ತಿಳಿಯದಂತೆ ನೋಡಿಕೊಳ್ಳುವುದೂ ಸುಲಭವಾಗಿತ್ತು. ಸಂಘದ ಶಾಖೆಗಳು ಈ ಆದೇಶದ ವಿಷಯವನ್ನು ಹಳ್ಳಿಹಳ್ಳಿಗೆ ತಲುಪಿಸುವ ಕೆಲಸವನ್ನು ಕೈಗೊಂಡವು.

ಕೃಷಿ ಕಾರ್ಮಿಕರ ಮುಷ್ಕರ

ಆದೇಶ ಜಾರಿಗೆ ಬಾರದಿದ್ದಾಗ ಅಯ್ಯಂಕಾಳಿ ಅವರು ಗದ್ದೆಗಳಲ್ಲಿ ಕೆಲಸ ನಿಲ್ಲಿಸಲು ಕರೆ ನೀಡಿದರು. ತಮ್ಮ ಮಕ್ಕಳಿಗೆ ಪಾಠ ಕಲಿಯಲು ಅವಕಾಶವಿಲ್ಲದಿದ್ದರೆ ಭೂಮಾಲೀಕರ ಗದ್ದೆಗಳಲ್ಲಿ ಬೆಳೆಯ ಬದಲು ಕಳೆ ಬೆಳೆಯಲಿದೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ಈ ಮುಷ್ಕರವು ಸಾಮಾನ್ಯವಾಗಿ 1907–08ರ ಅವಧಿಯದೆಂದು ಗುರುತಿಸಲ್ಪಡುತ್ತದೆ. ಶಾಲಾ ಪ್ರವೇಶದೊಂದಿಗೆ ಕೂಲಿ ಹೆಚ್ಚಳ, ಕಾರಣವಿಲ್ಲದೆ ಕೆಲಸದಿಂದ ತೆಗೆಯುವುದಕ್ಕೆ ತಡೆ, ಹೊಡೆತ ಮತ್ತು ಸುಳ್ಳು ಮೊಕದ್ದಮೆಗಳಿಂದ ರಕ್ಷಣೆ, ಸಂಚಾರ ಸ್ವಾತಂತ್ರ್ಯ ಮುಂತಾದವು ಬೇಡಿಕೆಗಳಾಗಿದ್ದವು.

ಆರಂಭದಲ್ಲಿ ಭೂಮಾಲೀಕರು ಮುಷ್ಕರವನ್ನು ಲಘುವಾಗಿ ಪರಿಗಣಿಸಿದರು. ದಿನಗೂಲಿಯನ್ನೇ ನೆಚ್ಚಿಕೊಂಡ ಕುಟುಂಬಗಳು ಹಸಿವಿನಿಂದಾಗಿ ಬೇಗನೆ ಕೆಲಸಕ್ಕೆ ಮರಳುತ್ತವೆಂಬುದು ಅವರ ಲೆಕ್ಕಾಚಾರವಾಗಿತ್ತು. ಮುಷ್ಕರದಲ್ಲಿದ್ದವರ ಮೇಲೆ ಹಲ್ಲೆಗಳು ನಡೆದವು. ಕುಟುಂಬಗಳು ಉಪವಾಸದ ಅಂಚಿಗೆ ತಲುಪಿದಾಗ ಅಯ್ಯಂಕಾಳಿ ಅವರು ವಿಳಿಂಜಂ ಕರಾವಳಿಯ ಮೀನುಗಾರರೊಂದಿಗೆ ಮಾತುಕತೆ ನಡೆಸಿ, ಪುಲಯರನ್ನು ದೋಣಿಗಳಲ್ಲಿ ಕೆಲಸಕ್ಕೆ ಸೇರಿಸಿಕೊಂಡು ಮೀನಿನ ಪಾಲು ನೀಡುವ ಏರ್ಪಾಡು ಮಾಡಿದರೆಂದು ಹೇಳಲಾಗುತ್ತದೆ. ಇತ್ತ ಉಳುಮೆ ಮತ್ತು ನಾಟಿಯ ಪರಿಣತಿಯಿಲ್ಲದ ಭೂಮಾಲೀಕರ ಕುಟುಂಬಗಳು ತಾವೇ ಗದ್ದೆಗಿಳಿದು ಬೇಸಾಯ ಮಾಡಲು ಯತ್ನಿಸಿ ವಿಫಲವಾದವು. ಗದ್ದೆಗಳು ಪಾಳುಬಿದ್ದವು.

ಕೊನೆಗೆ ಸರ್ಕಾರವು ಮ್ಯಾಜಿಸ್ಟ್ರೇಟರೊಬ್ಬರನ್ನು ಮಧ್ಯಸ್ಥರನ್ನಾಗಿ ನೇಮಿಸಿತು. ಕೂಲಿ ಹೆಚ್ಚಳಕ್ಕೆ ಭೂಮಾಲೀಕರು ಒಪ್ಪಿದರು. ಶಾಲಾ ಪ್ರವೇಶ ಮತ್ತು ಸಂಚಾರದ ಬೇಡಿಕೆಗಳು ತಾತ್ವಿಕವಾಗಿ ಅಂಗೀಕೃತವಾದವು. ಕೂಲಿಯ ಪ್ರಶ್ನೆಯೊಂದಿಗೆ ಮಕ್ಕಳ ಶಿಕ್ಷಣವನ್ನೂ ಮುಂದಿಟ್ಟುಕೊಂಡು ಕೃಷಿ ಕಾರ್ಮಿಕರು ನಡೆಸಿದ ಹೋರಾಟವೆಂಬ ಕಾರಣಕ್ಕೆ ಇತಿಹಾಸಕಾರರು ಈ ಮುಷ್ಕರಕ್ಕೆ ವಿಶೇಷ ಮಹತ್ವ ನೀಡುತ್ತಾರೆ.

1910ರ ಆದೇಶ ಮತ್ತು ವಿರೋಧ

1907ರಿಂದ 1914ರವರೆಗೆ ದಿವಾನರಾಗಿದ್ದ ಪಿ. ರಾಜಗೋಪಾಲಾಚಾರಿ ಹಾಗೂ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮಿಚೆಲ್ ಅವರು ದಲಿತ ಮಕ್ಕಳ ಶಾಲಾ ಪ್ರವೇಶದ ಪರವಾಗಿದ್ದರು. 1910ರಲ್ಲಿ ಪ್ರವೇಶದ ಹಕ್ಕನ್ನು ದೃಢಪಡಿಸುವ ಆದೇಶ ಹೊರಬಿತ್ತು. ಇದಕ್ಕೆ ಸಂಪ್ರದಾಯವಾದಿಗಳಿಂದಷ್ಟೇ ಅಲ್ಲದೆ ಪ್ರಗತಿಪರರೆಂದು ಹೆಸರಾದವರಿಂದಲೂ ವಿರೋಧ ಬಂತು. ಸ್ವದೇಶಾಭಿಮಾನಿ ಪತ್ರಿಕೆಯ ಸಂಪಾದಕರೂ ದಿವಾನರ ಆಡಳಿತದ ಕಟು ಟೀಕಾಕಾರರೂ ಆಗಿದ್ದ ಕೆ. ರಾಮಕೃಷ್ಣ ಪಿಳ್ಳೆ ಅವರು, ತಲೆಮಾರುಗಳಿಂದ ಬುದ್ಧಿಯನ್ನು ಬೆಳೆಸಿದವರ ಮಕ್ಕಳನ್ನೂ ಹೊಲದಲ್ಲಿ ದುಡಿದವರ ಮಕ್ಕಳನ್ನೂ ಒಂದೇ ತರಗತಿಯಲ್ಲಿ ಕೂರಿಸುವುದು ಉಚಿತವಲ್ಲವೆಂದು ಬರೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರವನ್ನು ಟೀಕಿಸಿದ ಕಾರಣಕ್ಕಾಗಿ ಅವರನ್ನು ಸಂಸ್ಥಾನದಿಂದ ಗಡೀಪಾರು ಮಾಡಲಾಯಿತು. ಪತ್ರಿಕಾ ಸ್ವಾತಂತ್ರ್ಯದ ಇತಿಹಾಸದಲ್ಲಿ ಗೌರವದ ಸ್ಥಾನವಿರುವ ರಾಮಕೃಷ್ಣ ಪಿಳ್ಳೆಯವರ ಈ ನಿಲುವು ಇಂದಿಗೂ ಚರ್ಚೆಯ ವಿಷಯವಾಗಿದೆ.

ಪ್ರಜಾಸಭೆಯಲ್ಲಿ

ಪ್ರಜೆಗಳ ಅಹವಾಲುಗಳನ್ನು ನೇರವಾಗಿ ಸರ್ಕಾರದ ಮುಂದಿಡುವ ವೇದಿಕೆಯಾಗಿ ಶ್ರೀಮೂಲಂ ಪ್ರಜಾಸಭೆಯು 1904ರಲ್ಲಿ ಅಸ್ತಿತ್ವಕ್ಕೆ ಬಂದಿತ್ತು. 1888ರಲ್ಲಿ ಸ್ಥಾಪನೆಯಾದ ಶಾಸನ ಪರಿಷತ್ತಿಗಿದ್ದಂತೆ ಕಾನೂನು ರಚಿಸುವ ಅಧಿಕಾರ ಅದಕ್ಕಿರಲಿಲ್ಲ. ಸದಸ್ಯರಲ್ಲಿ ಹೆಚ್ಚಿನವರು ಭೂಕಂದಾಯ ಕಟ್ಟುವ ಜಮೀನುದಾರರು ಮತ್ತು ವರ್ತಕರ ಪ್ರತಿನಿಧಿಗಳಾಗಿದ್ದರು. ಪುಲಯರ ಪರವಾಗಿ ಸಭೆಯಲ್ಲಿ ಮಾತನಾಡಲು ಮೊದಲು ನೇಮಕವಾದವರು ಸುಭಾಷಿಣಿ ಪತ್ರಿಕೆಯ ಸಂಪಾದಕರಾಗಿದ್ದ ಪಿ. ಕೆ. ಗೋವಿಂದ ಪಿಳ್ಳೆ. ಆ ಸಮುದಾಯದವರನ್ನೇ ಪ್ರತಿನಿಧಿಯಾಗಿ ನೇಮಿಸಬೇಕೆಂದು ಅವರು ಸರ್ಕಾರವನ್ನು ಕೋರಿದರು. ಅದರಂತೆ 1911ರ ಡಿಸೆಂಬರ್‌ನಲ್ಲಿ ಅಯ್ಯಂಕಾಳಿ ಅವರನ್ನು ಸಭೆಗೆ ನಾಮನಿರ್ದೇಶನ ಮಾಡಲಾಯಿತು. 1912ರ ಫೆಬ್ರವರಿಯಲ್ಲಿ ಅವರು ಸಭೆಯಲ್ಲಿ ಮೊದಲ ಬಾರಿಗೆ ಮಾತನಾಡಿದರು.

ಭೂಹೀನ ಕುಟುಂಬಗಳಿಗೆ ಸರ್ಕಾರಿ ಪಾಳುಭೂಮಿಯನ್ನು ಹಂಚಬೇಕೆಂಬುದು ಅವರ ಮೊದಲ ಮನವಿಗಳಲ್ಲೊಂದು. ಭೂಮಾಲೀಕರು ಕೊಟ್ಟ ಗುಡಿಸಲಲ್ಲಿ ವಾಸಿಸುವ ಕುಟುಂಬವು ಮಗುವನ್ನು ಶಾಲೆಗೆ ಕಳುಹಿಸಿದ ತಪ್ಪಿಗೆ ಒಂದೇ ರಾತ್ರಿಯಲ್ಲಿ ಒಕ್ಕಲೆಬ್ಬಿಸಲ್ಪಡುವ ಸಾಧ್ಯತೆಯಿದ್ದುದರಿಂದ ಭೂಮಿಯ ಪ್ರಶ್ನೆ ಮತ್ತು ಶಾಲೆಯ ಪ್ರಶ್ನೆ ಪರಸ್ಪರ ಹೊಂದಿಕೊಂಡಿದ್ದವು. ಮುಂದಿನ ಅಧಿವೇಶನಗಳಲ್ಲಿ ಅವರು ಶಾಲಾ ಶುಲ್ಕದ ವಿನಾಯಿತಿ, ವಿದ್ಯಾರ್ಥಿವೇತನ, ಬಡ ಮಕ್ಕಳಿಗೆ ಮಧ್ಯಾಹ್ನದ ಊಟ ಮತ್ತು ಕಲಿತವರಿಗೆ ಸರ್ಕಾರಿ ನೌಕರಿಗಳನ್ನು ಕೇಳಿದರು. ಆದೇಶವಿದ್ದರೂ ಕೆಲವೇ ಶಾಲೆಗಳು ಪುಲಯ ಮಕ್ಕಳನ್ನು ಸೇರಿಸಿಕೊಳ್ಳುತ್ತಿವೆ ಎಂಬ ದೂರನ್ನು ಅವರು ಸಭೆಯ ಮುಂದಿಟ್ಟರು. ಎರಡು ದಶಕಗಳಿಗೂ ಹೆಚ್ಚು ಕಾಲ ಅವರು ಸಭೆಯ ಸದಸ್ಯರಾಗಿದ್ದರು. ಸಂಘದ ಇತರ ಕೆಲವು ನಾಯಕರೂ ಕಾಲಕ್ರಮದಲ್ಲಿ ಸಭೆಗೆ ನಾಮನಿರ್ದೇಶನಗೊಂಡರು.

ಊರುಟ್ಟಂಬಲಂ ಶಾಲೆಯ ಘಟನೆ

ಆದೇಶಗಳು ಮತ್ತು ಪ್ರಜಾಸಭೆಯ ಸದಸ್ಯತ್ವದ ನಂತರವೂ ಶಾಲೆಗಳ ಬಾಗಿಲು ತಾನಾಗಿ ತೆರೆಯಲಿಲ್ಲ ಎಂಬುದಕ್ಕೆ ನೆಯ್ಯಾಟಿನ್‌ಕರ ತಾಲ್ಲೂಕಿನ ಊರುಟ್ಟಂಬಲಂ ಘಟನೆಯು ಪ್ರಮುಖ ನಿದರ್ಶನವಾಗಿದೆ. ಅಯ್ಯಂಕಾಳಿ ಅವರು ಪಂಚಮಿ ಎಂಬ ಪುಲಯ ಬಾಲಕಿಯನ್ನು ಸಂಗಡಿಗರೊಂದಿಗೆ ಅಲ್ಲಿನ ಸರ್ಕಾರಿ ಶಾಲೆಗೆ ಕರೆದೊಯ್ದರು. ಮುಖ್ಯೋಪಾಧ್ಯಾಯರು ಪ್ರವೇಶವನ್ನು ನಿರಾಕರಿಸಿದಾಗ ಸರ್ಕಾರದ ಆದೇಶವನ್ನು ಮುಂದಿಟ್ಟು, ಬಾಲಕಿಯನ್ನು ತರಗತಿಯ ಬೆಂಚಿನ ಮೇಲೆ ಕೂರಿಸಲಾಯಿತು. ಇತರ ಮಕ್ಕಳ ಪಾಲಕರು ತಮ್ಮ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದರು. ಘರ್ಷಣೆ ಆರಂಭವಾಯಿತು ಮತ್ತು ಶಾಲೆಯ ಕಟ್ಟಡಕ್ಕೆ ಬೆಂಕಿ ಹಚ್ಚಲಾಯಿತು. ಒಂದು ಮಗು ಕುಳಿತಿದ್ದಕ್ಕಾಗಿ ಇಡೀ ಊರಿನ ಮಕ್ಕಳ ಶಾಲೆಯೇ ಸುಟ್ಟುಹೋಯಿತು.

ಆನಂತರದ ಗಲಭೆಯಲ್ಲಿ ಪುಲಯರ ಗುಡಿಸಲುಗಳ ಮೇಲೆ ದಾಳಿಗಳು ನಡೆದು ಅನೇಕ ಕುಟುಂಬಗಳು ನೆಲೆ ಕಳೆದುಕೊಂಡವು. ಮಲಯಾಳಂ ಪಂಚಾಂಗದ 1090ನೆಯ ವರ್ಷದಲ್ಲಿ (1914–15) ನಡೆದುದರಿಂದ ಇದನ್ನು ತೊಂಬತ್ತರ ಗಲಭೆ ಎಂದು ಕರೆಯುವುದುಂಟು. ತಿರುವಲ್ಲ ಸಮೀಪದ ಪುಲ್ಲಾಡ್‌ನಲ್ಲಿಯೂ ದಲಿತ ಮಕ್ಕಳಿಗೆ ಪ್ರವೇಶ ನೀಡಿದ ಶಾಲೆಯನ್ನು ಸುಡಲಾಯಿತು. ಆದರೂ ಸಂಘವು ಮಕ್ಕಳನ್ನು ಶಾಲೆಗಳಿಗೆ ಕರೆದೊಯ್ಯುವುದನ್ನು ನಿಲ್ಲಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಶಾಲೆಗಳಲ್ಲಿ ದಲಿತ ವಿದ್ಯಾರ್ಥಿಗಳ ಸಂಖ್ಯೆ ನಿಧಾನವಾಗಿ ಏರತೊಡಗಿತು.

ಪೆರಿನಾಡ್ ಮತ್ತು ಕಲ್ಲುಮಾಲೆಯ ಬಹಿಷ್ಕಾರ

1915ರಲ್ಲಿ ಕೊಲ್ಲಂ ಸಮೀಪದ ಪೆರಿನಾಡ್‌ನಲ್ಲಿ ದಲಿತ ಮಹಿಳೆಯರು ಕಲ್ಲಿನ ಮಣಿಹಾರಗಳನ್ನು ತ್ಯಜಿಸಿ ರವಿಕೆ ಧರಿಸುವ ಚಳವಳಿ ನಡೆಯಿತು. ಇದರ ಸ್ಥಳೀಯ ನಾಯಕರು ಗೋಪಾಲದಾಸನ್. ಸಭೆಯ ಮೇಲೆ ದಾಳಿ ನಡೆದು ವ್ಯಾಪಕ ಹಿಂಸೆ ಭುಗಿಲೆದ್ದಿತು ಮತ್ತು ನೂರಾರು ಕುಟುಂಬಗಳು ಮನೆಮಠ ತೊರೆದು ಓಡಿಹೋದವು. ಅಯ್ಯಂಕಾಳಿ ಅವರು ಕೊಲ್ಲಂಗೆ ಬಂದು ಸರ್ಕಸ್ ಕಂಪನಿಯೊಂದರ ಡೇರೆಯಲ್ಲಿ ಸಂಧಾನ ಸಭೆಯನ್ನು ಏರ್ಪಡಿಸಿದರು. ನಾಯರ್ ಸಮುದಾಯದ ಸುಧಾರಕರಾದ ಚಙ್ಙನಾಶ್ಶೇರಿ ಪರಮೇಶ್ವರನ್ ಪಿಳ್ಳೆ ಅಧ್ಯಕ್ಷತೆ ವಹಿಸಿದ್ದ ಆ ಸಭೆಯಲ್ಲಿ, ಎರಡೂ ಕಡೆಯವರ ಸಮ್ಮುಖದಲ್ಲಿ ಮಹಿಳೆಯರು ತಮ್ಮ ಕಲ್ಲುಮಾಲೆಗಳನ್ನು ಕತ್ತರಿಸಿ ರಾಶಿ ಹಾಕಿದರು.

ಕೊನೆಯ ವರ್ಷಗಳು

1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜರು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದರು. ಅದರ ಬೆನ್ನಲ್ಲೇ, 1937ರ ಜನವರಿಯಲ್ಲಿ, ಮಹಾತ್ಮ ಗಾಂಧಿಯವರು ವೆಂಗಾನೂರಿಗೆ ಬಂದು ಅಯ್ಯಂಕಾಳಿ ಅವರನ್ನು ಭೇಟಿಯಾದರು ಮತ್ತು ಅವರನ್ನು ಪುಲಯರ ರಾಜನೆಂದು ಸಂಬೋಧಿಸಿದರು. ತಾವು ಸಾಯುವ ಮೊದಲು ತಮ್ಮ ಸಮುದಾಯದಲ್ಲಿ ಹತ್ತು ಮಂದಿ ಬಿ.ಎ. ಪದವೀಧರರನ್ನು ಕಾಣಬೇಕೆಂಬುದೊಂದೇ ತಮ್ಮ ಆಸೆಯೆಂದು ಅಯ್ಯಂಕಾಳಿ ಅವರು ಗಾಂಧಿಯವರಿಗೆ ತಿಳಿಸಿದರೆಂಬುದು ಪ್ರಸಿದ್ಧವಾಗಿದೆ. ಸಂಘ ಸ್ಥಾಪನೆಯಾಗಿ ಮೂರು ದಶಕಗಳು ಕಳೆದಿದ್ದರೂ ಹತ್ತು ಪದವೀಧರರು ಇನ್ನೂ ಆಸೆಯಾಗಿಯೇ ಉಳಿದಿದ್ದ ಸಂಗತಿಯು ಹೋರಾಟದ ಕಠಿಣತೆಯನ್ನು ಸೂಚಿಸುತ್ತದೆ.

ಕೊನೆಯ ವರ್ಷಗಳಲ್ಲಿ ಅವರ ಆರೋಗ್ಯ ಕ್ಷೀಣಿಸಿತು. ಉಪಜಾತಿಗಳು ತಮ್ಮದೇ ಪ್ರತ್ಯೇಕ ಸಂಘಗಳನ್ನು ಕಟ್ಟಿಕೊಂಡದ್ದರಿಂದ ಸಾಧುಜನ ಪರಿಪಾಲನ ಸಂಘವೂ ದುರ್ಬಲವಾಯಿತು. 1941ರ ಜೂನ್ 18ರಂದು ಅಯ್ಯಂಕಾಳಿ ಅವರು ನಿಧನರಾದರು. ಅವರ ಸಮಾಧಿಯು ವೆಂಗಾನೂರಿನಲ್ಲಿದೆ.

ಮೌಲ್ಯಮಾಪನ

ಕೇರಳದ ಸಾಕ್ಷರತೆಯ ಸಾಧನೆಯನ್ನು ವಿವರಿಸುವಾಗ ಬಹುಕಾಲ ರಾಜಮನೆತನದ ಆಜ್ಞೆಗಳು, ಕ್ರೈಸ್ತ ಮಿಷನರಿಗಳ ಶಾಲೆಗಳು ಮತ್ತು ಸ್ವಾತಂತ್ರ್ಯಾನಂತರದ ಸರ್ಕಾರಗಳ ನೀತಿಗಳಿಗೆ ಪ್ರಾಧಾನ್ಯ ನೀಡಲಾಗುತ್ತಿತ್ತು. ಇತ್ತೀಚಿನ ದಶಕಗಳ ಅಧ್ಯಯನಗಳು ತಳಸಮುದಾಯಗಳ ಸ್ವಂತ ಹೋರಾಟದ ಪಾತ್ರವನ್ನು ಮುನ್ನೆಲೆಗೆ ತಂದಿವೆ. ತಿರುವಾಂಕೂರಿನಲ್ಲಿ ಶಾಲಾ ಪ್ರವೇಶದ ಆದೇಶಗಳನ್ನು ಹೊರಡಿಸಿದ್ದು ಸರ್ಕಾರ. ಅವು ತರಗತಿಯ ಬೆಂಚಿನವರೆಗೆ ತಲುಪುವಂತೆ ಮಾಡಿದ್ದು ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಕೂಲಿಕಾರರು. ಮನವಿ, ಪ್ರಜಾಸಭೆಯ ಪ್ರಾತಿನಿಧ್ಯ, ಕೆಲಸದ ನಿಲುಗಡೆ ಮತ್ತು ನೇರ ಪ್ರವೇಶ ಎಂಬ ಮಾರ್ಗಗಳನ್ನು ಅಯ್ಯಂಕಾಳಿ ಅವರು ಒಂದಕ್ಕೊಂದು ಪೂರಕವಾಗಿ ಬಳಸಿದರು.

ಸ್ಮರಣೆ

ತಿರುವನಂತಪುರದ ವೆಳ್ಳಯಂಬಲಂ ವೃತ್ತದಲ್ಲಿ ಅಯ್ಯಂಕಾಳಿ ಅವರ ಪ್ರತಿಮೆಯಿದ್ದು, ಅದನ್ನು 1980ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅನಾವರಣಗೊಳಿಸಿದರು. 2002ರಲ್ಲಿ ಭಾರತೀಯ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಪಂಚಮಿಯ ಪ್ರವೇಶಕ್ಕಾಗಿ ಹೋರಾಟ ನಡೆದ ಊರುಟ್ಟಂಬಲಂನ ಸರ್ಕಾರಿ ಶಾಲೆಗೆ 2022ರಲ್ಲಿ ಅಯ್ಯಂಕಾಳಿ ಮತ್ತು ಪಂಚಮಿ ಇಬ್ಬರ ಹೆಸರನ್ನೂ ಇಡಲಾಯಿತು. ಅಂದಿನ ಬೆಂಕಿಯಲ್ಲಿ ಅರೆಸುಟ್ಟ ಬೆಂಚೊಂದನ್ನು ಆ ಶಾಲೆಯಲ್ಲಿ ಕಾಪಾಡಿಕೊಂಡು ಬರಲಾಗಿದೆ. ಶ್ರೀಮೂಲಂ ಪ್ರಜಾಸಭೆಯ ಅಧಿವೇಶನಗಳು ನಡೆಯುತ್ತಿದ್ದ ತಿರುವನಂತಪುರದ ವಿಕ್ಟೋರಿಯಾ ಜ್ಯೂಬಿಲಿ ಟೌನ್ ಹಾಲ್ 2019ರಿಂದ ಮಹಾತ್ಮ ಅಯ್ಯಂಕಾಳಿ ಸಭಾಂಗಣವೆಂಬ ಹೆಸರನ್ನು ಪಡೆದಿದೆ.